ದಾರಿ ಹಾಕುವವನ ಟಿಪ್ಪಣಿಗಳು

ವರ್ಷಕ್ಕೆ ನಾಲ್ಕೈದು ಬಾರಿ ಗೆಳೆಯರೆಲ್ಲ ಸೇರಿ ಮಲೆನಾಡಿನಲ್ಲಿ ಸೈಕಲ್ ತುಳಿಯುತ್ತೇವೆ. ಕಂಪ್ಯೂಟರಿನಲ್ಲಿ ದಾರಿ ಹಾಕಿಕೊಡುವ ಕೆಲಸ ಹತ್ತು ವರ್ಷಗಳಿಂದ ನನ್ನ ಪಾಲಿಗಿದೆ. ಕಲಿತದ್ದೆಲ್ಲ ತಪ್ಪು ಮಾಡಿಯೇ. ಆ ತಪ್ಪುಗಳಿಗೆ ದಣಿದದ್ದು ಮಾತ್ರ ನನ್ನನ್ನು ನಂಬಿ ಹಿಂದೆ ಬಂದವರ ಕಾಲು. ಅದಕ್ಕೇ ಬರೆದಿಡುತ್ತಿದ್ದೇನೆ.

1. ‘ಅತಿ ಕಡಿಮೆ ದೂರ’ ಕೇಳಬೇಡಿ

ಮೊದಲ ವರ್ಷ ಕೊಪ್ಪದಿಂದ ಬಾಳೆಹೊನ್ನೂರಿಗೆ ಹಾಗೇ ಕೇಳಿದೆ. ದಾರಿ ಕಾಫಿ ತೋಟದೊಳಗೆ ಹೊಕ್ಕಿತು. ಅರ್ಧ ತೋಟ ದಾಟಿದ ಮೇಲೆ ಬೀಗ ಹಾಕಿದ ಗೇಟು. “ಇದು ಎಸ್ಟೇಟ್ ರಸ್ತೆ ಸಾರ್, ಹೊರಗಿನವರನ್ನ ಬಿಡಲ್ಲ” ಎಂದು ಕಾವಲಿನವರು ಸಮಾಧಾನವಾಗಿಯೇ ಹೇಳಿದರು. ಹನ್ನೊಂದು ಜನ ಬಂದ ಇಳಿಜಾರನ್ನೇ ಏರಿ ಹಿಂದಿರುಗಿದೆವು. ತಂತ್ರಾಂಶ ರಸ್ತೆಯ ಪ್ರತಿ ತುಂಡಿಗೂ ಒಂದು ಖರ್ಚು ಹಚ್ಚಿ, ಒಟ್ಟು ಖರ್ಚು ಕಡಿಮೆಯಾಗುವಂತೆ ತುಂಡುಗಳನ್ನು ಜೋಡಿಸುತ್ತದೆ. ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1956ರಲ್ಲಿ ಯೋಚಿಸಿ 1959ರಲ್ಲಿ ಪ್ರಕಟಿಸಿದ ವಿಧಾನವೇ ಇದಕ್ಕೆ ಬುನಾದಿ. ಗೇಟು, ಜಲ್ಲಿ, ಕೆಸರು ನಕ್ಷೆಯಲ್ಲಿ ನಮೂದಾಗದಿದ್ದರೆ ಆ ಲೆಕ್ಕದಲ್ಲಿ ಅವಕ್ಕೆ ಖರ್ಚೇ ಇಲ್ಲ. ಈಗ ಸೈಕಲ್ಲಿನ ಪ್ರೊಫೈಲ್ ಆರಿಸಿ, ಸಣ್ಣ ಗೆರೆಗಳನ್ನೆಲ್ಲ ಉಪಗ್ರಹ ಚಿತ್ರದ ಜೊತೆ ಹೋಲಿಸುತ್ತೇನೆ. ಅನುಮಾನ ಬಂದರೆ ಆ ಊರಿನ ಯಾರಿಗಾದರೂ ಫೋನ್ ಮಾಡುತ್ತೇನೆ.

2. ದಾರಿಯನ್ನು ಎಳೆದಾಡುವ ಮೊದಲು ಅರ್ಧ ಮಾಡಿ

ನನಗೆ ಅತಿ ಹೆಚ್ಚು ಕಲಿಸಿದ್ದು ಇದು. ಕಾಲುವೆಯ ಆಚೆ ಈಚೆಯ ಎರಡು ಹಳ್ಳಿ, ನಡುವೆ ಅರ್ಧ ಕಿಲೋಮೀಟರ್, ಸೇತುವೆಯೂ ಇದೆ. ತಂತ್ರಾಂಶ ಮಾತ್ರ 20 ಕಿಲೋಮೀಟರ್ ಸುತ್ತಿಸುತ್ತಿತ್ತು. ನಾನು ನಡುವೆ ಒಂದೊಂದೇ ಬಿಂದು ಇಟ್ಟು ಗೆರೆಯನ್ನು ಬಲವಂತವಾಗಿ ಎಳೆದೆ. ಮಾರನೆಯ ದಿನ ಬಿಂದು ಇದ್ದ ಕಡೆಯೆಲ್ಲ ಫೋನು “ಹಿಂದಿರುಗಿ” ಎಂದು ಹೇಳತೊಡಗಿತು. ಒಂದು ಬಿಂದು ರಸ್ತೆ ಬಿಟ್ಟು ಗದ್ದೆಯಲ್ಲಿ ಕೂತಿತ್ತು.

ವಾಪಸು ಬಂದು ನಿಧಾನವಾಗಿ ಕೂತೆ. ಇಡೀ ದಾರಿಯನ್ನು ಎರಡು ಭಾಗ ಮಾಡಿ ಬೇರೆಬೇರೆಯಾಗಿ ಕೇಳಿದೆ. ಸುತ್ತಿಸುವ ಅರ್ಧವನ್ನು ಮತ್ತೆ ಅರ್ಧ ಮಾಡಿದೆ. ಐದಾರು ಸುತ್ತಿನಲ್ಲಿ ಉಳಿದದ್ದು ಸೇತುವೆಯ ಎರಡು ತುದಿ. ಕಣ್ಣಿಗೆ ರಸ್ತೆಯ ಗೆರೆಯೂ ಸೇತುವೆಯ ಗೆರೆಯೂ ಕೂಡಿದ್ದವು. ಪೂರ್ತಿ ಹಿಗ್ಗಿಸಿ ನೋಡಿದರೆ ಎರಡಕ್ಕೂ ಸಾಮಾನ್ಯವಾದ ಬಿಂದುವೇ ಇರಲಿಲ್ಲ. ಹಾಗಾದರೆ ಲೆಕ್ಕಕ್ಕೆ ಅಲ್ಲಿ ರಸ್ತೆ ಕಡಿದುಹೋಗಿದೆ ಎಂದೇ ಅರ್ಥ. ನಾನು ಬಳಸುವುದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಯಾರು ತಿದ್ದಿದರೆಂಬ ಇತಿಹಾಸವೂ ಅದರಲ್ಲೇ ಉಳಿಯುತ್ತದೆ. ತೆಗೆದು ನೋಡಿದೆ. ಎರಡು ವರ್ಷದ ಹಿಂದೆ ಆ ರಸ್ತೆಯನ್ನು ಬರೆದು, ತುದಿ ಕೂಡಿಸದೆ ಬಿಟ್ಟವನು ನಾನೇ. ಅಷ್ಟು ದಿನ ಆ ದಾರಿ ಕೇಳಿದವರೆಷ್ಟು ಮಂದಿ ಸುತ್ತಿಕೊಂಡು ಹೋದರೋ ಎಂಬ ಯೋಚನೆ ಇಂದಿಗೂ ಕಾಡುತ್ತದೆ.

3. ರೂಟ್ ಬೇರೆ, ಟ್ರ್ಯಾಕ್ ಬೇರೆ

ದಾರಿ ಹಂಚಿಕೊಳ್ಳುವ ಜಿಪಿಎಕ್ಸ್ ಫೈಲಿನಲ್ಲಿ ಎರಡನ್ನೂ ಕಳಿಸಬಹುದು. ರೂಟ್ ಎಂದರೆ ಮುಖ್ಯ ಬಿಂದುಗಳಷ್ಟೇ. ನಡುವಿನ ದಾರಿಯನ್ನು ಆಯಾ ಫೋನೇ ಮತ್ತೆ ಲೆಕ್ಕ ಹಾಕಿಕೊಳ್ಳಬಹುದು. ಟ್ರ್ಯಾಕ್ ಎಂದರೆ ಹೆಜ್ಜೆಗೊಂದು ಬಿಂದುವಿನಂಥ ಗೆರೆ. ನಾನು ರೂಟ್ ಕಳಿಸಿದ್ದರಿಂದ ಒಮ್ಮೆ ಗುಂಪು ಮೂರು ಕಡೆ ಹರಿದುಹೋಯಿತು. ನೀರಿನ ಕ್ಯಾನು ನನ್ನ ಬಳಿ ಉಳಿದಿತ್ತು. ಆಮೇಲೆ ಟ್ರ್ಯಾಕ್ ಬಿಟ್ಟು ಬೇರೇನೂ ಕಳಿಸಿಲ್ಲ.

4. ಏರಿನ ಲೆಕ್ಕಕ್ಕೆ ಉಸಿರು ಉಳಿಸಿಕೊಳ್ಳಿ

ಹಲವು ತಂತ್ರಾಂಶಗಳ ಎತ್ತರದ ಮಾಹಿತಿ 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತುತ್ತಾ ರೇಡಾರಿನಿಂದ ಅಳೆದದ್ದು. ಅಳತೆಯ ಒಂದೊಂದು ಚೌಕದ ಬದಿ ಸುಮಾರು 30 ಮೀಟರ್. ದಟ್ಟ ಕಾಡಿನಲ್ಲಿ ರೇಡಾರು ನೆಲದ ಬದಲು ಮರದ ನೆತ್ತಿಯ ಕಡೆಗೇ ಅಳೆಯುತ್ತದೆ. ಗುಡ್ಡ ಕಡಿದು ಮಾಡಿದ ರಸ್ತೆಗೆ ಪಕ್ಕದ ಗುಡ್ಡದ ಎತ್ತರ ಅಂಟಿಕೊಳ್ಳುತ್ತದೆ. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಂಥ ಕಡೆ ಏರಿನ ಗ್ರಾಫ್ ಗರಗಸದ ಹಲ್ಲಿನಂತೆ ಕಂಡರೆ ನಾನು ಒಟ್ಟು ಏರಿನ ಅಂಕಿಯನ್ನು ನಂಬುವುದಿಲ್ಲ.

5. ಅಕ್ಷಾಂಶ ಮೊದಲೋ, ರೇಖಾಂಶ ಮೊದಲೋ

ಸಾಮಾನ್ಯವಾಗಿ ಅಕ್ಷಾಂಶವನ್ನೇ ಮೊದಲು ಬರೆಯುತ್ತೇವೆ. ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು. ಬೆಂಗಳೂರಿನ 12.97, 77.59 ಅದಲುಬದಲಾದರೆ ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ಪಕ್ಕದ ಸಮುದ್ರದಲ್ಲಿ ಬೀಳುತ್ತದೆ. “ದಾರಿ ಸಿಗಲಿಲ್ಲ” ಎಂಬ ಸಂದೇಶ ಬಂದರೆ ಮೊದಲು ಇದನ್ನು ನೋಡಿ.

6. ದೂರದ ಜೊತೆ ಗಡಿಯಾರವನ್ನೂ ನೋಡಿ

ಬಂಡೀಪುರದ ಕಾಡಿನ ಹೆದ್ದಾರಿ ಸಾಮಾನ್ಯ ವಾಹನಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇಲ್ಲ. ಇದು ಹೆಚ್ಚಿನವರಿಗೆ ಗೊತ್ತು. ನನಗೆ ಗೊತ್ತಿಲ್ಲದೇ ಹೋದದ್ದು ಶರಾವತಿ ಹಿನ್ನೀರಿನದು. ಸಾಗರದಿಂದ ಸಿಗಂದೂರಿಗೆ ಹೊರಟಾಗ ನಕ್ಷೆಯಲ್ಲಿ ನೀರಿನ ಮೇಲೆ ಚುಕ್ಕಿಗೆರೆ ಕಂಡು, ಲಾಂಚ್ ಇದೆಯಲ್ಲ ಎಂದುಕೊಂಡೆ. ಎಷ್ಟು ಗಂಟೆಯವರೆಗೆ ಎಂದು ಕೇಳಲಿಲ್ಲ. ದಡ ಮುಟ್ಟುವಾಗ ಕತ್ತಲಾಗಿತ್ತು, ಕೊನೆಯ ಲಾಂಚ್ ಹೋಗಿತ್ತು. ಅಂಗಡಿಯ ಅಮ್ಮ ನಮಗೆ ಗಂಜಿ ಕಾಯಿಸಿಕೊಟ್ಟು, ಜಗಲಿಯಲ್ಲಿ ಮಲಗಲು ಚಾಪೆ ಹಾಸಿದರು.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ತೆರೆಯಿತು. ಆಮೇಲೆ ಮತ್ತೆ ಹೋದೆವು. ನನ್ನ ಫೋನಿನಲ್ಲಿದ್ದದ್ದು ಹಿಂದಿನ ವರ್ಷ ಇಳಿಸಿಕೊಂಡಿದ್ದ ಆಫ್‌ಲೈನ್ ನಕ್ಷೆ. ಸೇತುವೆಯ ನಡುವೆ ನಿಂತು ನೋಡಿದರೆ ನಮ್ಮ ಚುಕ್ಕಿ ನೀಲಿ ನೀರಿನ ಮೇಲಿತ್ತು, ತಂತ್ರಾಂಶ ಇನ್ನೂ ಲಾಂಚಿನ ದಡಕ್ಕೆ ಕರೆಯುತ್ತಿತ್ತು. ಆ ರಾತ್ರಿ ಉಳಿದಲ್ಲಿ ವೈಫೈ ಸಿಕ್ಕ ಕೂಡಲೇ ಹೊಸ ನಕ್ಷೆ ಇಳಿಸಿ, ಎಲ್ಲರ ಫೋನನ್ನೂ ಒಂದೊಂದಾಗಿ ಇಸಿದುಕೊಂಡು ನೋಡಿದೆ.