ಗಾಯ ಮಾಯಲು ನಮ್ಮದೇ ರಕ್ತ

ಮಕ್ಕಳೇ, ಆಡುವಾಗ ಮೊಣಕಾಲು ತರಚಿದರೆ ರಕ್ತ ಬರುತ್ತೆ, ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿ ನಿಲ್ಲುತ್ತೆ, ಅಲ್ವಾ? ಇದನ್ನು ಶುರು ಮಾಡೋದು ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 1.5ರಿಂದ 4.5 ಲಕ್ಷ ಇರುತ್ತವೆ. ಹೊಸ ಅಂಗಾಂಶ ಬೆಳೆಯಲು ನೆರವಾಗುವ ಪ್ರೋಟೀನುಗಳನ್ನೂ ಇವೇ ಬಿಡುಗಡೆ ಮಾಡುತ್ತವೆ.

ಈ ಗುಣವನ್ನು ಬಳಸುವ ‘ಪಿಆರ್‌ಎಫ್’ ವಿಧಾನವನ್ನು 2001ರಲ್ಲಿ ಫ್ರಾನ್ಸಿನ ವೈದ್ಯ ಜೋಸೆಫ್ ಶುಕ್ರೂನ್ ಮತ್ತು ಸಂಗಡಿಗರು ಪ್ರಕಟಿಸಿದರು.

ತಯಾರಿಸುವ ಕ್ರಮ:
1. ರೋಗಿಯ ತೋಳಿನಿಂದ ರಕ್ತವನ್ನು ಶುದ್ಧ ಕೊಳವೆಗೆ ತೆಗೆಯುತ್ತಾರೆ. ಹೆಪ್ಪುಗಟ್ಟದಂತೆ ತಡೆಯುವ ಔಷಧ ಬೆರೆಸೋದಿಲ್ಲ.
2. ತಕ್ಷಣ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸುತ್ತಾರೆ. ತಡವಾದರೆ ರಕ್ತ ಇದ್ದಂತೆಯೇ ಹೆಪ್ಪುಗಟ್ಟಿ, ಪದರಗಳು ಸರಿಯಾಗಿ ಬೇರೆಯಾಗೋದಿಲ್ಲ.
3. ಭಾರವಾದ ಕೆಂಪು ಕಣಗಳು ತಳಕ್ಕೆ ಹೋಗುತ್ತವೆ; ಮೇಲೆ ತಿಳಿಹಳದಿ ಪ್ಲಾಸ್ಮಾ; ನಡುವೆ ಫೈಬ್ರಿನ್ ಎಳೆಗಳ ಹೆಪ್ಪು. ಬೇಕಾದದ್ದು ಈ ನಡುವಿನದೇ. ಅದರ ಬಲೆಯಲ್ಲಿ ಕಿರುತಟ್ಟೆಗಳೂ ಬಿಳಿ ಕಣಗಳೂ ಸಿಕ್ಕಿಕೊಂಡಿರುತ್ತವೆ.

ಹಲ್ಲು ಕಿತ್ತ ಕುಳಿಯಲ್ಲಿ ದಂತವೈದ್ಯರು ಈ ಹೆಪ್ಪನ್ನು ಇಡುವುದುಂಟು.

ನೆನಪಿಡಿ: ಇದು ಎಲ್ಲ ಗಾಯಕ್ಕೂ ಮದ್ದಲ್ಲ. ಒಬ್ಬರ ರಕ್ತದಿಂದ ಮಾಡಿದ್ದನ್ನು ಅವರಿಗೇ ಬಳಸಬೇಕು. ಕೊಳವೆ, ಸೂಜಿ ಬೇರೆಯವರದಾದರೆ ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕು ತಗಲಬಹುದು.

ಯೋಚಿಸಿ: ಕೊಳವೆಗೆ ಹೆಪ್ಪುತಡೆ ಔಷಧ ಬೆರೆಸಿದ್ದರೆ ನಡುವಿನ ಪದರ ಏನಾಗುತ್ತಿತ್ತು?