ಒಂದೇ ಸೂತ್ರದ ಬೆನ್ನು ಹತ್ತಿ

ಹೊಸೂರಿನಲ್ಲಿ ನೆಲೆಸಿ, ಶಾಲೆಯಲ್ಲಿ ತಮಿಳಿನಲ್ಲಿ ಲೆಕ್ಕ ಹೇಳಿಕೊಟ್ಟು ಮನೆಯಲ್ಲಿ ಕನ್ನಡದ ಪುಸ್ತಕ ಬಿಚ್ಚುವ ನನ್ನಂಥ ಗಡಿನಾಡಿನ ಅಧ್ಯಾಪಕನಿಗೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ. ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಕುರಿತು ಸಂಶೋಧನ ಪ್ರಬಂಧವೊಂದನ್ನು ಬರೆಯಬೇಕೆಂಬ ಹಂಬಲ ಹುಟ್ಟಿದುದು ಸಹಜವೇ ಸರಿ. ಮದರಾಸಿನ ಎಂ. ರಂಗಾಚಾರ್ಯರು ೧೯೧೨ರಲ್ಲಿ ಆ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಅವರ ಮುಂದಿದ್ದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದುವೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಹೆಮ್ಮೆಯಿಂದ ಮುನ್ನುಡಿ ಬರೆಯಬಹುದೇ ಹೊರತು ಪ್ರಬಂಧವನ್ನು ಬರೆಯಲಾಗದು; ಆದುದರಿಂದ ಗ್ರಂಥವನ್ನೆಲ್ಲ ತಬ್ಬಿಕೊಳ್ಳುವ ಆಸೆಯನ್ನು ಬಿಟ್ಟು, ಕಲಾಸವರ್ಣ ಪ್ರಕರಣದ ಒಂದೇ ಸೂತ್ರವನ್ನು ಆರಿಸಿಕೊಂಡೆನು.

ಅಂಶವು ೧ ಆಗಿರುವ ಭಿನ್ನರಾಶಿಗಳನ್ನು ಕೂಡಿ ಒಂದನ್ನು ಪಡೆಯುವ ಬಗೆ ಅದು. ಛೇದಗಳನ್ನು ಒಂದರಿಂದ ತೊಡಗಿ ಮೂರು ಪಟ್ಟು ಹೆಚ್ಚಿಸುತ್ತ ಹೋಗಿ, ಮೊದಲನೆಯದನ್ನು ೨ರಿಂದಲೂ ಕೊನೆಯದನ್ನು ೨/೩ರಿಂದಲೂ ಗುಣಿಸಬೇಕು. ಐದು ಪದಗಳಿಗಾದರೆ ೧/೨, ೧/೩, ೧/೯, ೧/೨೭, ೧/೫೪. ಗುಣೋತ್ತರ ಶ್ರೇಢಿಯ ಮೂಲಕ ನಾನು ಬರೆದ ಉಪಪತ್ತಿ ನಿರ್ದುಷ್ಟವಾಗಿಯೇ ಇತ್ತು. ಆದರೆ ಕೊನೆಯ ಪದಕ್ಕೆ ೨/೩ರ ಗುಣಕವೇಕೆಂಬ ಗುಟ್ಟನ್ನು ಅದು ಬಿಟ್ಟುಕೊಡಲಿಲ್ಲ.

ಅದೇ ಗ್ರಂಥದಲ್ಲಿ ಮಾವಿನ ಹಣ್ಣಿನ ಲೆಕ್ಕವೊಂದಿದೆ: ರಾಶಿಯಲ್ಲಿ ಆರನೆಯ ಒಂದು ಪಾಲನ್ನು ಅರಸನೂ, ಉಳಿದುದರಲ್ಲಿ ಐದನೆಯ ಒಂದನ್ನು ಅರಸಿಯೂ, ಅನಂತರ ಉಳಿಯುತ್ತ ಬಂದುದರಲ್ಲಿ ನಾಲ್ಕನೆಯ, ಮೂರನೆಯ, ಎರಡನೆಯ ಒಂದೊಂದು ಪಾಲನ್ನು ರಾಜಕುಮಾರರೂ ತೆಗೆದುಕೊಳ್ಳಲು, ಕಿರಿಯ ಮಗುವಿಗೆ ಮೂರು ಹಣ್ಣು ಮಿಕ್ಕಿತು. ಕೃಷ್ಣಗಿರಿಯ ಮಂಡಿಯಲ್ಲಿ ತೋತಾಪುರಿಯ ಗುಡ್ಡೆಯ ಮುಂದೆ ಕುಳಿತಿದ್ದ ಪರಿಚಿತ ವ್ಯಾಪಾರಿಯೊಬ್ಬರಿಗೆ ತಮಾಷೆಗೆಂದು ಇದನ್ನು ಹೇಳಿದೆನು. “ಕಿರೀದಕ್ಕೆ ಮೂರು ಉಳೀತು ಅಂದ್ರೆ, ಅದ್ರ ಮುಂಚೆ ಅರ್ಧ ತಗೊಂಡೋನಿಗೂ ಮೂರೇ ಅಲ್ವಾ, ಮೇಷ್ಟ್ರೇ? ಹಂಗೇ ಹಿಂದಕ್ಕೆ ಬನ್ನಿ,” ಎಂದು ಆಕೆ ಬೆರಳು ಮಡಿಸುತ್ತ ಆರು, ಒಂಬತ್ತು, ಹನ್ನೆರಡು ಎಂದೆಣಿಸಿ ಹದಿನೆಂಟಕ್ಕೆ ನಿಲ್ಲಿಸಿದರು, ಎಲ್ಲರಿಗೂ ಮೂರು ಮೂರೇ.

ಹಿಂದಿನಿಂದ ಬರುವ ಆ ಕ್ರಮವನ್ನೇ ಸೂತ್ರಕ್ಕೆ ಹಚ್ಚಿದೆನು. ೧/೫೪ನ್ನೂ ೧/೨೭ನ್ನೂ ಕೂಡಿದರೆ ೧/೧೮. ಅದಕ್ಕೆ ೧/೯ ಕೂಡಿದರೆ ೧/೬. ಅದಕ್ಕೆ ೧/೩ ಸೇರಿದರೆ ೧/೨. ಇನ್ನೊಂದು ೧/೨ ಸೇರಿ ಒಂದು. ಕೊನೆಯ ಪದವು ತನ್ನ ಹಿಂದಿನದರ ಅರ್ಧವಾಗಿರುವುದರಿಂದಲೇ ಸರಪಣಿಯೆಲ್ಲ ಕಳಚದೆ ಬರುತ್ತದೆ. ಪುಟ ತುಂಬಿದ್ದ ಉಪಪತ್ತಿ ನಾಲ್ಕು ಸಾಲಿಗಿಳಿಯಿತು, ಕಾರಣವೂ ತಿಳಿಯಿತು.

ಇನ್ನು ಹೋಲಿಕೆಯ ಮಾತು. ಒಂದರಿಂದ ತೊಡಗಿ, ಉಳಿದುದಕ್ಕಿಂತ ಕಿರಿದಾದ, ಅಂಶ ೧ ಇರುವ ಅತಿ ದೊಡ್ಡ ಭಿನ್ನರಾಶಿಯನ್ನೇ ಒಂದೊಂದಾಗಿ ಕಳೆಯುತ್ತ ಹೋಗುವ, ೧೮೮೦ರಲ್ಲಿ ಗಣಿತಜ್ಞ ಸಿಲ್ವೆಸ್ಟರನು ವಿವೇಚಿಸಿದ ವಿಧಾನದಲ್ಲಿ, ಕೊನೆಯ ಉಳಿಕೆಯನ್ನೂ ಸೇರಿಸಿ, ಐದು ಪದಗಳ ಛೇದಗಳು ೨, ೩, ೭, ೪೩, ೧೮೦೬ ಆಗುತ್ತವೆ. ನಮ್ಮ ಆಚಾರ್ಯನದು ೫೪ಕ್ಕೇ ನಿಲ್ಲುತ್ತದೆ. ಇಲ್ಲಿಗೇ ಬರೆಹವನ್ನು ಮುಗಿಸಿದ್ದರೆ ಚಪ್ಪಾಳೆ ಸಿಕ್ಕೀತು. ಆದರೆ ೨, ೪, ೧೦, ೧೨, ೧೫ ಎಂಬ ಛೇದಗಳಿಂದಲೂ ಒಂದು ಬರುತ್ತದೆಂಬುದನ್ನು ಅದೇ ಪುಟದಲ್ಲಿ ಕಾಣಿಸಿದೆನು. ಆಚಾರ್ಯನ ಹಿರಿಮೆಯು ಛೇದದ ಕಿರಿತನದಲ್ಲಿಲ್ಲ, ಎಷ್ಟೇ ಪದಗಳಿಗೂ ಸಲ್ಲುವ ಒಂದೇ ನಿಯಮದಲ್ಲಿದೆ.

ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದಿದ್ದಾನೆ. ಗಣಿತ ಬಲ್ಲ ಓದುಗರು ಅದರಿಂದ ಒಂದೇ ಒಂದು ಸೂತ್ರವನ್ನು ತೆಗೆದುಕೊಂಡು, ಮೊದಲು ಕೈಯಲ್ಲಿ ಲೆಕ್ಕ ಮಾಡಿ, ಅನಂತರ ಲೇಖನಿಯನ್ನು ಹಿಡಿಯಬೇಕೆಂದು ಬೇಡುತ್ತೇನೆ.