ಕಾರ್ಸ್ ಮತ್ತು ಕೋರಿಕೆ ಮಿತಿ: ಒಂದು ಹೋಲಿಕೆ ತಪ್ಪಿದಾಗ

ವಿಷಯ: ಗಣಕ ವಿಜ್ಞಾನ. ತರಗತಿ: ದ್ವಿತೀಯ ಪಿಯುಸಿ. ಅವಧಿ: ಎರಡು.

ಪೂರ್ವಜ್ಞಾನ: 2021ರ ಮೇ 1ರಿಂದ 18 ದಾಟಿದವರಿಗೂ ಲಸಿಕೆ ಎಂದಾದಾಗ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲೂ ಕೋವಿನ್‌ನಲ್ಲಿ ಸ್ಲಾಟ್ ಹುಡುಕುವುದೇ ಕೆಲಸವಾಗಿತ್ತು. ಕೆಲವರು ಮತ್ತೆ ಮತ್ತೆ ಕೇಳುವ ಪ್ರೋಗ್ರಾಂಗಳನ್ನೇ ಬರೆದರು. ಕೋವಿನ್‌ನ ಸಾರ್ವಜನಿಕ ಎಪಿಐಗೆ ಆಗ ಒಂದು ಮಿತಿಯಿತ್ತು: ಒಂದು ಐಪಿ ವಿಳಾಸದಿಂದ 5 ನಿಮಿಷಕ್ಕೆ 100 ಕೋರಿಕೆ. ಪಾಠವನ್ನು ಇಲ್ಲಿಂದ ಆರಂಭಿಸಿದೆ.

ಮೊದಲ ಅವಧಿ: ಕಾರ್ಸ್ ಮತ್ತು ಕೋರಿಕೆ ಮಿತಿ ಎರಡನ್ನೂ ಗೇಟಿನ ಕಾವಲುಗಾರನಿಗೆ ಹೋಲಿಸಿದೆ. ಎಲ್ಲರೂ ತಲೆಯಾಡಿಸಿದರು. ಕೊನೆಯಲ್ಲಿ ಒಬ್ಬಳು ಕೇಳಿದಳು: "ಟೀಚರ್, ಕಾರ್ಸ್ ಬೇರೆಯವರನ್ನು ಒಳಗೇ ಬಿಡುವುದಿಲ್ಲವಲ್ಲ, ಮತ್ತೆ ಮಿತಿ ಯಾಕೆ?" ತಪ್ಪು ಅವಳದಲ್ಲ, ನನ್ನ ಹೋಲಿಕೆಯದು.

ಎರಡನೇ ಅವಧಿ: ಲ್ಯಾಬಿನಲ್ಲಿ ಪುಟ್ಟ ಸರ್ವರನ್ನು 5000ನೇ ಪೋರ್ಟಿನಲ್ಲಿ, ವೆಬ್ ಪುಟವನ್ನು 8000ನೇ ಪೋರ್ಟಿನಲ್ಲಿ ಇಟ್ಟೆ. ಪ್ರೋಟೊಕಾಲ್, ಹೋಸ್ಟ್, ಪೋರ್ಟ್ ಮೂರೂ ಸೇರಿ ಒಂದು ಮೂಲ. ಒಂದು ಬದಲಾದರೂ ಮೂಲ ಬೇರೆ. ಪುಟ ಸರಳ ಗೆಟ್ ಕೋರಿಕೆ ಕಳುಹಿಸಿದಾಗ ಬ್ರೌಸರಿನಲ್ಲಿ ಕೆಂಪು ದೋಷ ಬಂತು. ಆದರೆ ಸರ್ವರಿನ ಲಾಗ್‌ನಲ್ಲಿ ಕೋರಿಕೆ ತಲುಪಿದ್ದು, ಉತ್ತರ ಹೋದದ್ದು ಎರಡೂ ಕಂಡವು! ಅದೇ ವಿಳಾಸವನ್ನು ಪೈಥಾನ್ ಪ್ರೋಗ್ರಾಂನಿಂದ ಕೇಳಿದಾಗ ಉತ್ತರ ಸಲೀಸಾಗಿ ಸಿಕ್ಕಿತು.

ಈಗ ಹೋಲಿಕೆ ಬದಲಾಯಿಸಿದೆ. ಬ್ರೌಸರ್ ಒಬ್ಬ ಅಂಚೆಯಣ್ಣ. ಉತ್ತರದ ಲಕೋಟೆಯ ಮೇಲೆ ಯಾರು ಓದಬಹುದೆಂದು ಕಚೇರಿ ಬರೆದಿರುತ್ತದೆ. ಹೆಸರಿಲ್ಲದ ಪುಟಕ್ಕೆ ಅಂಚೆಯಣ್ಣ ಕೊಡುವುದಿಲ್ಲ. ಆ ಬರಹವೇ ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್ ಹೆಡರ್. ನಡೆದುಕೊಂಡೇ ಕಚೇರಿಗೆ ಹೋದವನಿಗೆ ಅಂಚೆಯಣ್ಣನ ನಿಯಮವೇ ಅನ್ವಯಿಸದು. ಕಾರ್ಸ್ ಕಾಯುವುದು ಬ್ರೌಸರ್ ಬಳಸುವವರ ಮಾಹಿತಿಯನ್ನು. ಸರ್ವರಿನ ಮೇಲಿನ ಹೊರೆಯನ್ನಲ್ಲ. ಹೊರೆ ತಡೆಯಲು ಸರ್ವರೇ ಲೆಕ್ಕ ಇಡಬೇಕು. ನಿಮಿಷಕ್ಕೆ 10 ಎಂದು ಮಿತಿ ಹಾಕಿದಾಗ 11ನೇ ಕೋರಿಕೆಗೆ 429 ಸಂಕೇತ ಬಂತು, ಪೈಥಾನ್‌ಗೂ ಬಂತು. ಎಷ್ಟು ಹೊತ್ತು ಕಾಯಬೇಕೆಂದು ರಿಟ್ರೈ-ಆಫ್ಟರ್ ಹೆಡರ್‌ನಲ್ಲಿ ತಿಳಿಸಬಹುದು.

ಮೌಲ್ಯಮಾಪನ: ಒಂದೇ ಇಂಟರ್ನೆಟ್ ಸಂಪರ್ಕವಿರುವ ಲ್ಯಾಬಿನಲ್ಲಿ 40 ಮಂದಿ 5 ನಿಮಿಷದೊಳಗೆ ತಲಾ 3 ಸಲ ಒತ್ತಿದರೆ ಕೋವಿನ್ ಮಿತಿಯಲ್ಲಿ ಏನಾಗುತ್ತಿತ್ತು? 120 ಕೋರಿಕೆ, ಹೊರಗೆ ಕಾಣುವ ಐಪಿ ಒಂದೇ. ಕೊನೆಯ 20ಕ್ಕೆ ತಡೆ. "ಹಾಗಾದರೆ ತಪ್ಪು ಮಾಡದವರಿಗೂ ಶಿಕ್ಷೆಯಾ ಟೀಚರ್?" ಎಂದ ಒಬ್ಬ. ಮಿತಿಯನ್ನು ಐಪಿಗೆ ಹಾಕುವುದೋ, ಲಾಗಿನ್ ಆದ ಬಳಕೆದಾರರಿಗೆ ಹಾಕುವುದೋ ಎಂಬ ಚರ್ಚೆ ಬೆಲ್ ಆಗುವವರೆಗೂ ನಡೆಯಿತು.

ಆತ್ಮಾವಲೋಕನ: ಹೋಲಿಕೆ ಸುಲಭವಾಗಿದ್ದರೆ ಸಾಲದು, ಅದು ಎಲ್ಲಿ ಮುರಿಯುತ್ತದೆ ಎಂದು ಪಾಠಯೋಜನೆಯಲ್ಲೇ ಬರೆದಿಡಬೇಕು. ಲಾಗ್ ತೋರಿಸುವ ಪ್ರಾತ್ಯಕ್ಷಿಕೆಯನ್ನು ಮೊದಲ ದಿನವೇ ಮಾಡಿದ್ದರೆ ಒಂದು ಅವಧಿ ಉಳಿಯುತ್ತಿತ್ತು.